ಬೆಳಿಗ್ಗೆ ಬೆದೆ ಕಂಡರೆ ಸಂಜೆ

ಬೆಳಿಗ್ಗೆ ಬೆದೆ ಕಂಡರೆ ಸಂಜೆ ಇಂಜೆಕ್ಷನ್ ಹಾಕಿಸು, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಿಸು. ಬೆದೆ ಎಂದರೆ ಹಸು ಗಬ್ಬ ನಿಲ್ಲಲು ಸಿದ್ಧವಾಗುವ ಹೊತ್ತು, ಇಂಜೆಕ್ಷನ್ ಎಂದರೆ ಹೋರಿಯ ವೀರ್ಯವನ್ನು ಹಸುವಿನ ಗರ್ಭಕ್ಕೆ ಸೇರಿಸುವ ಕೃತಕ ಗರ್ಭಧಾರಣೆ. ಸೀಮೆ ಹಸು ಸಾಕಿದ ಮನೆಗಳಲ್ಲಿ ಈ ಮಾತು ಗೊತ್ತಿಲ್ಲದವರಿಲ್ಲ. ಮಂಡ್ಯ ಕಡೆಯ ನಮ್ಮೂರಿನಲ್ಲಿ ಅಕ್ಷರ ಬಾರದ ಅಜ್ಜಿಯರೂ ಇದನ್ನು ಹೇಳುತ್ತಾರೆ. ಅವರು ಹೇಳುವ ರೀತಿ ಕೇಳಿದರೆ ಇದು ತಲೆತಲಾಂತರದಿಂದ ಬಂದ ತಿಳಿವಳಿಕೆ ಎಂದೇ ಅನ್ನಿಸುತ್ತದೆ. ಆದರೆ ಅವರ ಅಜ್ಜಿಯರ ಕಾಲಕ್ಕೆ ಈ ಲೆಕ್ಕದ ಅಗತ್ಯವೇ ಇರಲಿಲ್ಲ. ಹಸು ಕೂಗಿಕೊಂಡರೆ ಊರ ಬೀಜದ ಹೋರಿಯ ಹತ್ತಿರ ಹೊಡೆದುಕೊಂಡು ಹೋಗುತ್ತಿದ್ದರು. ಹೊತ್ತು ಯಾವುದೆಂದು ಹೋರಿಗೆ ಗೊತ್ತಿತ್ತು. ಹೋರಿಯ ಜಾಗಕ್ಕೆ ಮನುಷ್ಯ ಬಂದು ನಿಂತ ಮೇಲೆ ಗಡಿಯಾರ ಬೇಕಾಯಿತು. ಆ ಗಡಿಯಾರವನ್ನು ಹೊಂದಿಸಿದ್ದು ಅಮೆರಿಕದ ನೆಬ್ರಾಸ್ಕಾ ಕೃಷಿ ಕಾಲೇಜಿನಲ್ಲಿ, 1940ರ ದಶಕದಲ್ಲಿ.

ಜಾರ್ಜ್ ಟ್ರಿಂಬರ್ಗರ್ ಎಂಬ ಡೈರಿ ವಿಜ್ಞಾನಿ ಅಲ್ಲಿನ ಕಾಲೇಜಿನ ಹಸುಗಳನ್ನು ಹಗಲೂ ರಾತ್ರಿ ಕಾದು ನೋಡಿದರು. ಬೆದೆ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂದು ಬರೆದಿಟ್ಟರು. ಹಿಂಬದಿಯಿಂದ ಕೈ ಹಾಕಿ ಅಂಡಾಶಯವನ್ನು ಮುಟ್ಟಿ, ಅಂಡ ಯಾವ ಹೊತ್ತಿಗೆ ಹೊರಬಂತು ಎಂದು ಗುರುತಿಸಿದರು. ಬೇರೆ ಬೇರೆ ಹಸುಗಳಿಗೆ ಬೇರೆ ಬೇರೆ ಹೊತ್ತಿನಲ್ಲಿ ವೀರ್ಯ ಸೇರಿಸಿ, ಯಾವುದು ಗಬ್ಬ ನಿಂತಿತು ಎಂದು ಲೆಕ್ಕ ಇಟ್ಟರು. ಸಹೋದ್ಯೋಗಿ ಡೇವಿಸ್ ಅವರೊಂದಿಗೆ ಸೇರಿ 1943ರಲ್ಲಿ ಪ್ರಕಟಿಸಿದ ಅಂಕಿಗಳನ್ನು ಈಗ ಓದಿದರೂ ಬೆರಗಾಗುತ್ತದೆ. ಬೆದೆಯ ಆರಂಭದಲ್ಲೇ ಹಾಕಿದರೆ ನೂರಕ್ಕೆ ಸುಮಾರು 44 ಹಸು ಗಬ್ಬ ನಿಂತವು. ಬೆದೆಯ ಮಧ್ಯದಲ್ಲಿ ಹಾಕಿದರೆ 80ಕ್ಕೂ ಮಿಕ್ಕಿ. ಬೆದೆ ಮುಗಿದು 24 ಗಂಟೆ ಕಳೆದ ಮೇಲೆ ಹಾಕಿದರೆ ಬರೀ 12.

ಇದರ ಕಾರಣ ಹಸುವಿನ ಮೈಯೊಳಗಿದೆ. ಬೆದೆ ಮುಗಿದು ಹತ್ತು ಹನ್ನೆರಡು ಗಂಟೆ ಕಳೆದ ಮೇಲೆ ಅಂಡ ಹೊರಬರುತ್ತದೆ, ಬಂದ ಮೇಲೆ ಕೆಲವೇ ಗಂಟೆ ಬಾಳುತ್ತದೆ. ವೀರ್ಯಾಣುಗಳು ಒಳಗೆ ಸೇರಿ ಹದಗೊಳ್ಳುವುದಕ್ಕೂ ಕೆಲವು ಗಂಟೆ ಬೇಕು. ಅಂಡ ಬರುವ ಹೊತ್ತಿಗೆ ಅವು ಮೊದಲೇ ಹೋಗಿ ಕಾದಿರಬೇಕು, ಆದರೆ ಕಾದು ಕಾದು ಸತ್ತಿರಬಾರದು. ಈ ಇಕ್ಕಟ್ಟಾದ ಕಿಂಡಿಯನ್ನು ಟ್ರಿಂಬರ್ಗರ್ ಎರಡೇ ಸಾಲಿನ ನಿಯಮಕ್ಕೆ ಇಳಿಸಿದರು. ಅಂಡಾಶಯದ ಚಿತ್ರ ನೋಡದವರೂ ಪಾಲಿಸಬಹುದಾದ ನಿಯಮ ಅದು. ಒಂದು ಕಾಲೇಜಿನ ಸಂಶೋಧನೆ ಇಷ್ಟು ಪೂರ್ತಿಯಾಗಿ ಜನರ ಮಾತಾಗಿ ಹೋದ ಇನ್ನೊಂದು ಉದಾಹರಣೆ ನನಗೆ ಹೊಳೆಯುವುದಿಲ್ಲ.

ಕಳೆದ ಶತಮಾನದ ನಡುಭಾಗದಲ್ಲಿ ಕೃಷಿ ಕಾಲೇಜುಗಳಲ್ಲಿ ನಡೆದ ಈ ಕೆಲಸವನ್ನು ಹಿಡಿದು ಓದುತ್ತಾ ಹೋದ ಹಾಗೆಲ್ಲ, ನಮ್ಮ ಕೊಟ್ಟಿಗೆಯಲ್ಲಿ ನಿಂತಿರುವ ಕಪ್ಪು ಬಿಳಿ ಹಸು ಎಲ್ಲಿಂದ ಬಂತು ಎನ್ನುವುದು ಬಿಡಿಸಿಕೊಳ್ಳತೊಡಗಿತು. ಜೊತೆಗೆ, ಆ ಕೆಲಸದಲ್ಲಿ ಎರಡು ಭಾಗಗಳಿದ್ದವು, ನಮಗೆ ಪೂರ್ತಿಯಾಗಿ ತಲುಪಿದ್ದು ಒಂದೇ ಎನ್ನುವುದೂ ಕಾಣಿಸಿತು. ಆ ಇನ್ನೊಂದು ಭಾಗದ ಬಗ್ಗೆಯೇ ನನಗೆ ಹೆಚ್ಚು ಹೇಳಬೇಕಾಗಿದೆ. ಆದರೆ ಮೊದಲನೆಯದನ್ನು ಹೇಳದೆ ಅದು ಅರ್ಥವಾಗುವುದಿಲ್ಲ.

ಕೃತಕ ಗರ್ಭಧಾರಣೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ರಷ್ಯನ್ನರು. ಅದನ್ನು ರೈತರ ಸಹಕಾರ ಸಂಘದ ಕೆಲಸವಾಗಿ ಮಾಡಿದವರು ಡೆನ್ಮಾರ್ಕಿನವರು, 1936ರಲ್ಲಿ, ಸಾಮ್ಸೊ ಎಂಬ ದ್ವೀಪದಲ್ಲಿ. ಈಗ ನಮ್ಮ ಡಾಕ್ಟರು ಒಂದು ಕೈಯನ್ನು ಹಿಂಬದಿಯಿಂದ ಒಳಗೆ ಹಾಕಿ ಗರ್ಭಕೋಶದ ಕೊರಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ವೀರ್ಯ ಬಿಡುವ ಕೊಳವೆಯನ್ನು, ಅಂದರೆ ಗನ್ ಅನ್ನು, ತೂರಿಸುತ್ತಾರಲ್ಲ, ಆ ವಿಧಾನವೂ ಡೇನಿಷ್ ಪಶುವೈದ್ಯರದೇ. ವೀರ್ಯ ತುಂಬಲು ಈಗಿನಂಥ ಕಡ್ಡಿಯ ಉಪಾಯ ಸೊರೆನ್ಸನ್ ಎಂಬ ಡೇನಿಷ್ ಪಶುವೈದ್ಯರಿಗೆ ಹೊಳೆದದ್ದು ಮಗಳ ಹುಟ್ಟುಹಬ್ಬದಲ್ಲಿ ಮಕ್ಕಳು ಸೆಲ್ಲೊಫೇನ್ ಕೊಳವೆಯಲ್ಲಿ ಪಾನಕ ಹೀರುವುದನ್ನು ಕಂಡಾಗ ಎಂದು ಈ ವಿಷಯದ ಚರಿತ್ರೆ ಬರೆದವರು ಹೇಳುತ್ತಾರೆ. ನ್ಯೂಜೆರ್ಸಿಯ ರಟ್ಗರ್ಸ್ ಕೃಷಿ ಕಾಲೇಜಿನ ವಿಸ್ತರಣಾ ತಜ್ಞ ಪೆರ್ರಿ ಡೆನ್ಮಾರ್ಕಿಗೆ ಹೋಗಿ ಇದನ್ನು ಕಣ್ಣಾರೆ ಕಂಡು ಬಂದು, 1938ರಲ್ಲಿ ಅಮೆರಿಕದ ಮೊದಲ ಇಂಥ ಡೈರಿ ಸಹಕಾರ ಸಂಘವನ್ನು ಶುರುಮಾಡಿದರು.

ಅದಾದ ಮರುವರ್ಷವೇ, 1939ರಲ್ಲಿ, ಭಾರತದ ಮೊದಲ ಕೃತಕ ಗರ್ಭಧಾರಣೆ ನಡೆಯಿತು. ನಡೆದದ್ದು ಮೈಸೂರಿನಲ್ಲಿ. ಅರಮನೆಯ ಡೈರಿ ಫಾರ್ಮಿನಲ್ಲಿ ಡಾ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಜಿಯನ್ ಎಂಬ ಕಪ್ಪು ಬಿಳಿ ಸೀಮೆ ತಳಿಯ ಹೋರಿಯ ವೀರ್ಯ ಸೇರಿಸಿದರು, 33 ಹಸುಗಳು ಗಬ್ಬ ನಿಂತವು. ಪಶುವೈದ್ಯಕೀಯ ಓದುವ ಪ್ರತಿ ವಿದ್ಯಾರ್ಥಿಯೂ ಈ ಒಂದು ಸಾಲನ್ನು ಬಾಯಿಪಾಠ ಮಾಡಿರುತ್ತಾರೆ. ಮೈಸೂರಿನ ಜನಕ್ಕೆ ಮಾತ್ರ ಇದು ಗೊತ್ತಿಲ್ಲ. ಅರಮನೆ, ದಸರಾ, ರೇಷ್ಮೆ, ಗಂಧದೆಣ್ಣೆ ಎಂದು ಊರಿನ ಹೆಮ್ಮೆಗಳನ್ನು ಎಣಿಸುವಾಗ ಈ 33 ಹಸುಗಳನ್ನೂ ಯಾರಾದರೂ ಎಣಿಸಬೇಕು. ಇವತ್ತು ಕರ್ನಾಟಕದ ಹಾಲಿನ ಬಹುಪಾಲು ಆ ದಾರಿಯಲ್ಲೇ ಹರಿದು ಬಂದದ್ದು.

ಆಗಿನ ದೊಡ್ಡ ತೊಂದರೆ ಎಂದರೆ ವೀರ್ಯ ಬಾಳುತ್ತಿರಲಿಲ್ಲ. ತಣ್ಣಗೆ ಮಾಡದಿದ್ದರೆ ಕೆಡುತ್ತದೆ, ಸರಕ್ಕನೆ ತಣ್ಣಗೆ ಮಾಡಿದರೆ ವೀರ್ಯಾಣುಗಳ ಮೈಪೊರೆ ಒಡೆದು ಸಾಯುತ್ತವೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೃಷಿ ಕಾಲೇಜಿನಲ್ಲಿ ಪಾಲ್ ಫಿಲಿಪ್ಸ್ ಮತ್ತು ಅವರ ವಿದ್ಯಾರ್ಥಿ ಹೆನ್ರಿ ಲಾರ್ಡಿ ಇದಕ್ಕೆ ಮದ್ದು ಕಂಡುಕೊಂಡದ್ದು ಕೋಳಿಮೊಟ್ಟೆಯಲ್ಲಿ. ಮೊಟ್ಟೆಯ ಹಳದಿ ಭಾಗದ ಕೊಬ್ಬಿನಂಶ ವೀರ್ಯಾಣುವಿನ ಪೊರೆಗೆ ಆಸರೆಯಾಗುತ್ತದೆ, ತಂಪಿನ ಹೊಡೆತ ತಡೆಯುತ್ತದೆ. ಅದನ್ನು ಫಾಸ್ಫೇಟ್ ದ್ರಾವಣದಲ್ಲಿ ಕದಡಿ ವೀರ್ಯಕ್ಕೆ ಬೆರೆಸಿದರೆ ತಣ್ಣಗಿನ ಪೆಟ್ಟಿಗೆಯಲ್ಲಿ ಹಲವು ದಿನ ಇಡಬಹುದು ಎಂದು 1940ರ ಹೊತ್ತಿಗೆ ಅವರು ತೋರಿಸಿದರು. ಮುಂದಿನ ವರ್ಷ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಾಲಿಸ್‌ಬರಿ ಮತ್ತು ಸಂಗಡಿಗರು ಫಾಸ್ಫೇಟಿನ ಬದಲು ಸಿಟ್ರೇಟ್ ಬಳಸಿದರು. ಸಿಟ್ರೇಟ್ ಮೊಟ್ಟೆಯ ಕೊಬ್ಬಿನ ಕಣಗಳನ್ನು ಚದುರಿಸಿ ದ್ರಾವಣವನ್ನು ತಿಳಿಯಾಗಿಸುವುದರಿಂದ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳು ನಿಚ್ಚಳವಾಗಿ ಕಂಡವು. ಕಂಡದ್ದನ್ನು ಎಣಿಸಬಹುದು. ಎಣಿಸಲು ಬಂದ ಮೇಲೆ, ಒಂದು ಹಸುವಿಗೆ ನಿಜವಾಗಿ ಎಷ್ಟು ಬೇಕು ಎಂದು ಇಳಿಸುತ್ತಾ ಹೋಗಬಹುದು.

ಆ ಇಳಿಸುವಿಕೆಯೇ ಲೋಕವನ್ನು ಬದಲಿಸಿತು. ಹೋರಿಯ ಒಂದು ಸಲದ ವೀರ್ಯದಲ್ಲಿ ನೂರಾರು ಕೋಟಿ ವೀರ್ಯಾಣುಗಳಿರುತ್ತವೆ. ಈಗ ನಮ್ಮ ದೇಶದಲ್ಲಿ ಒಂದು ಕಡ್ಡಿಗೆ ತುಂಬುವುದು ಸುಮಾರು 2 ಕೋಟಿ. ಐನೂರು ಕೋಟಿ ಎಂದಿಟ್ಟುಕೊಂಡರೆ ಒಂದೇ ಸಲಕ್ಕೆ 250 ಕಡ್ಡಿ. ಊರ ಹೋರಿ ವರ್ಷಕ್ಕೆ ಐವತ್ತು ಅರವತ್ತು ಹಸುಗಳನ್ನು ಕಂಡರೆ ಹೆಚ್ಚು. ಇಲ್ಲಿ ಅಷ್ಟು ಕೆಲಸ ಒಂದೇ ಬೆಳಗಿನಲ್ಲಿ ಮುಗಿದು ಇನ್ನೂ ಉಳಿಯುತ್ತದೆ.

ಕಾರ್ನೆಲ್ ಮತ್ತು ಪೆನ್‌ಸಿಲ್ವೇನಿಯಾದ ಕಾಲೇಜುಗಳಲ್ಲಿ ಅದೇ ದಶಕದ ಕೊನೆಗೆ ವೀರ್ಯಕ್ಕೆ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಬೆರೆಸುವುದನ್ನು ಕಂಡುಕೊಂಡರು. ಇದನ್ನು ಸಣ್ಣ ವಿಷಯವೆಂದು ದಾಟಿಬಿಡಬಾರದು. ಹೋರಿಯಿಂದ ಹಸುವಿಗೆ, ಆ ಹಸುವಿನಿಂದ ಇನ್ನೊಂದು ಹೋರಿಗೆ ಹರಡುವ ರೋಗಗಳಿಂದ ಕಂದು ಹಾಕುವುದು, ಮತ್ತೆ ಮತ್ತೆ ಬೆದೆಗೆ ಬರುವುದು ಆಗ ಎಲ್ಲ ದೇಶಗಳಲ್ಲೂ ದೊಡ್ಡ ಕಾಟ. ಹಾಲು ಹೆಚ್ಚಿಸುವ ಆಸೆಗಿಂತ ಮೊದಲು ರೋಗ ತಪ್ಪಿಸುವ ಆಸೆಗೇ ಎಷ್ಟೋ ರೈತರು ಸಂಘ ಸೇರಿದರು. ಕೊನೆಗೆ 1949ರಲ್ಲಿ ಲಂಡನ್ನಿನ ಮಿಲ್ ಹಿಲ್ ಪ್ರಯೋಗಾಲಯದಲ್ಲಿ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಅವರು, ಗ್ಲಿಸರಿನ್ ಬೆರೆಸಿದರೆ ವೀರ್ಯಾಣುಗಳು ಹೆಪ್ಪುಗಟ್ಟಿ ಕರಗಿದ ಮೇಲೂ ಬದುಕುತ್ತವೆ ಎಂದು ಪ್ರಕಟಿಸಿದರು. ಮೊದಮೊದಲು ಡ್ರೈ ಐಸ್, ಆಮೇಲೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಹೋರಿ ಸತ್ತು ದಶಕಗಳಾದ ಮೇಲೂ ಅದರ ಕರು ಹುಟ್ಟಬಹುದು ಎಂದಾಯಿತು.

ಇಷ್ಟು ಮೊದಲನೆಯ ಭಾಗ. ಒಂದು ಹೋರಿಯನ್ನು ಸಾವಿರ ಊರಿಗೆ ಕಳಿಸುವ ವಿದ್ಯೆ.

ಕಳಿಸಬೇಕಾದದ್ದು ಯಾವ ಹೋರಿಯನ್ನು?

ಹೋರಿ ಹಾಲು ಕೊಡುವುದಿಲ್ಲ. ಅದರ ಯೋಗ್ಯತೆಯನ್ನು ಅದರ ಮೈಯಲ್ಲಿ ಅಳೆಯಲು ಬರುವುದಿಲ್ಲ. ನಮ್ಮ ಜಾತ್ರೆಗಳಲ್ಲಿ ಸುಳಿ ನೋಡುತ್ತಾರೆ, ಕೊಂಬು, ಗೊರಸು, ಹಲ್ಲು, ಚರ್ಮ ನೋಡುತ್ತಾರೆ. ಅಮೆರಿಕದ ದನದ ಪ್ರದರ್ಶನಗಳಲ್ಲೂ ಬೆನ್ನಿನ ಗೆರೆ, ನಿಲುವು ನೋಡಿ ಬಹುಮಾನ ಕೊಡುತ್ತಿದ್ದರು. ಉಳುವ ಎತ್ತಿಗೆ ಈ ಕಣ್ಣಳತೆ ಬಹುಮಟ್ಟಿಗೆ ಸಾಕು, ಏಕೆಂದರೆ ಉಳುವುದು ಅದರ ಮೈಯೇ. ಹಾಲಿನ ವಿಷಯದಲ್ಲಿ ಅದು ನಡೆಯುವುದಿಲ್ಲ. ಹೋರಿಯ ಬೆಲೆ ತಿಳಿಯಬೇಕಾದರೆ ಅದರ ಹೆಣ್ಣುಮಕ್ಕಳು ಹುಟ್ಟಿ, ಕಡಸಾಗಿ, ಕರು ಹಾಕಿ, ಮೊದಲ ಸೂಲಿನ ಹಾಲು ಕರೆಯುವ ತನಕ ಕಾಯಬೇಕು. ಕಾದ ಮೇಲೂ ಹಾಲಿನ ಅಳತೆಯನ್ನು ಸುಮ್ಮನೆ ನಂಬಬಾರದು ಎನ್ನುವುದನ್ನು ಲೋಕಕ್ಕೆ ಕಲಿಸಿದ್ದು ಅಯೋವಾ ರಾಜ್ಯದ ಏಮ್ಸ್ ಊರಿನ ಕೃಷಿ ಕಾಲೇಜು, ಅಲ್ಲಿನ ಜೇ ಲಶ್ ಎಂಬ ಅಧ್ಯಾಪಕರು.

ಅವರ ತರ್ಕವನ್ನು ನಮ್ಮ ಸೀಮೆಗೆ ಇಳಿಸಿ ಹೇಳುತ್ತೇನೆ. ಎರಡು ಹೋರಿಗಳಿವೆ ಎಂದಿಟ್ಟುಕೊಳ್ಳಿ. ಒಂದರ ಹೆಣ್ಣುಮಕ್ಕಳು ದಿನಕ್ಕೆ 12 ಲೀಟರ್ ಕೊಡುತ್ತವೆ, ಇನ್ನೊಂದರವು 8. ಮೊದಲನೆಯ ಹೋರಿಯೇ ಮೇಲು ಎನ್ನುತ್ತೀರಿ. ಆದರೆ ಮೊದಲನೆಯದರ ಮಕ್ಕಳು ವಿಶ್ವೇಶ್ವರಯ್ಯ ನಾಲೆ ಬಯಲಿನ ಕೊಟ್ಟಿಗೆಗಳಲ್ಲಿ ಹಸಿಹುಲ್ಲು, ಹಿಂಡಿ, ಬೂಸಾ ತಿಂದವು. ಎರಡನೆಯದರವು ನಾಗಮಂಗಲದ ಒಣ ಹೊಲಗಳ ಕಡೆ ರಾಗಿಹುಲ್ಲು ತಿಂದವು. ನಾಲೆ ಬಯಲಿನಲ್ಲಿ ಬೇರೆ ಹೋರಿಗಳ ಮಕ್ಕಳು 13 ಲೀಟರ್ ಕೊಡುತ್ತಿದ್ದರೆ, ಒಣಸೀಮೆಯಲ್ಲಿ ಬೇರೆಯವು 6 ಕೊಡುತ್ತಿದ್ದರೆ? ಆಗ ಮೇಲಾದ ಹೋರಿ ಎರಡನೆಯದು. ಹಾಲಿನ ವ್ಯತ್ಯಾಸದಲ್ಲಿ ತಲೆಮಾರಿನಿಂದ ಇಳಿದು ಬರುವುದು ಸುಮಾರು ಕಾಲುಭಾಗ. ಮಿಕ್ಕದ್ದು ಮೇವು, ನೀರು, ಆರೈಕೆ, ರೋಗ, ಹವೆ, ಅದೃಷ್ಟ. ಆ ಕಾಲುಭಾಗವನ್ನು ಮಿಕ್ಕ ಮುಕ್ಕಾಲಿನಿಂದ ಬಿಡಿಸಿ ತೆಗೆಯುವ ಲೆಕ್ಕವೇ ಲಶ್ ಅವರ ಜೀವಮಾನದ ಕೆಲಸ.

ಅವರ ಕಾಲೇಜಿನಲ್ಲಿ ಪಿಎಚ್‌ಡಿ ಮಾಡಿದ ಚಾರ್ಲ್ಸ್ ಹೆಂಡರ್ಸನ್ 1948ರಲ್ಲಿ ಕಾರ್ನೆಲ್ ಸೇರಿ ಈ ಲೆಕ್ಕವನ್ನು ಸಾವಿರಾರು ಹಸುಗಳಿಗೆ ಹಬ್ಬಿಸಿದರು. ಅದುವರೆಗೆ ಮಗಳ ಹಾಲನ್ನು ತಾಯಿಯ ಹಾಲಿಗೆ ಹೋಲಿಸುತ್ತಿದ್ದರು. ತಾಯಿ ಕರೆದದ್ದು ಬರಗಾಲದಲ್ಲಿ, ಮಗಳು ಕರೆದದ್ದು ಸುಗ್ಗಿಯಲ್ಲಿ ಎಂದಾದರೆ ಹೋರಿಗೆ ಸಲ್ಲದ ಹೊಗಳಿಕೆ ಸಲ್ಲುತ್ತಿತ್ತು. ಅದರ ಬದಲು ಅದೇ ಕೊಟ್ಟಿಗೆಯಲ್ಲಿ ಅದೇ ಕಾಲದಲ್ಲಿ ಕರೆಯುತ್ತಿರುವ, ಬೇರೆ ಹೋರಿಗಳಿಗೆ ಹುಟ್ಟಿದ ಹಸುಗಳ ಜೊತೆ ಹೋಲಿಸುವುದು ಅವರು ಜಾರಿಗೆ ತಂದ ಕ್ರಮ. ಕೃತಕ ಗರ್ಭಧಾರಣೆ ಇದಕ್ಕೆ ಹೇಳಿಮಾಡಿಸಿದ ಜೋಡಿ, ಏಕೆಂದರೆ ಒಂದೇ ಹೋರಿಯ ಮಕ್ಕಳು ಈಗ ನೂರಾರು ಕೊಟ್ಟಿಗೆಗಳಲ್ಲಿ ಚದುರಿ ನಿಂತಿದ್ದವು. ಯಾವ ಒಬ್ಬ ಒಳ್ಳೆಯ ರೈತನ ಕೈಗುಣವೂ ಹೋರಿಯ ಹೆಸರಿಗೆ ಜಮೆಯಾಗುತ್ತಿರಲಿಲ್ಲ.

ಇಷ್ಟೆಲ್ಲ ಲೆಕ್ಕಕ್ಕೆ ಅಂಕಿಗಳು ಬರುತ್ತಿದ್ದದ್ದು ಎಲ್ಲಿಂದ? ಇಲ್ಲಿಯೇ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುತ್ತದೆ. 1895ರಲ್ಲಿ ಡೆನ್ಮಾರ್ಕಿನ ವೇಯನ್ ಎಂಬ ಊರಿನ ಸುತ್ತಿನ ರೈತರು ಒಂದು ಸಂಘ ಕಟ್ಟಿಕೊಂಡು, ಮನೆಮನೆಗೆ ಹೋಗಿ ಪ್ರತಿ ಹಸುವಿನ ಹಾಲನ್ನು ಬೇರೆಬೇರೆಯಾಗಿ ತೂಗಿ, ಕೊಬ್ಬು ಪರೀಕ್ಷಿಸಿ, ಬರೆದಿಡುವುದಕ್ಕೆ ಒಬ್ಬನನ್ನು ನೇಮಿಸಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಡೆನ್ಮಾರ್ಕಿನಿಂದ ವಲಸೆ ಹೋದ ಒಬ್ಬರು ಮಿಷಿಗನ್ ರಾಜ್ಯದಲ್ಲಿ ಅಂಥದೇ ಸಂಘ ಶುರುಮಾಡಿದರು. ಕೊಬ್ಬಿನ ಪರೀಕ್ಷೆಗೆ ಸ್ಟೀಫನ್ ಬ್ಯಾಬ್‌ಕಾಕ್ 1890ರಲ್ಲೇ ಸುಲಭದ ದಾರಿ ಕೊಟ್ಟಿದ್ದರು, ಅದೂ ವಿಸ್ಕಾನ್ಸಿನ್ ಕೃಷಿ ಕಾಲೇಜಿನಲ್ಲಿ, ಪೇಟೆಂಟ್ ಬೇಡವೆಂದು ಬಿಟ್ಟುಕೊಟ್ಟು. ದಿನಾ ತೂಗುವ ಅಗತ್ಯವೂ ಇರಲಿಲ್ಲ. ತಿಂಗಳಿಗೆ ಒಂದು ದಿನ, ಎರಡು ಹೊತ್ತಿನ ಹಾಲನ್ನು ಸರಿಯಾಗಿ ಅಳೆದರೆ ಇಡೀ ಸೂಲಿನ ಹಾಲನ್ನು ಸಾಕಷ್ಟು ನಿಖರವಾಗಿ ಅಂದಾಜು ಮಾಡಬಹುದು. 1950ರ ದಶಕಕ್ಕೆ ಆ ಪುಸ್ತಕಗಳ ಅಂಕಿಗಳು ತೂತು ಹೊಡೆದ ಕಾರ್ಡುಗಳಿಗೆ ಏರಿ ಕಾಲೇಜುಗಳ ಲೆಕ್ಕದ ಯಂತ್ರಗಳೊಳಗೆ ಹೋದವು. ಕಾರ್ನೆಲ್‌ನ ಗಣಿತದ ಬೆನ್ನ ಹಿಂದೆ ಇದ್ದದ್ದು, ಬೆಳಗಿನ ಜಾವ ಎದ್ದು ಯಾರದೋ ಕೊಟ್ಟಿಗೆಗೆ ತಕ್ಕಡಿ ಹೊತ್ತು ಹೋದ ಜನ.

ಫಲ ಏನಾಯಿತು ಎಂದರೆ, 1944ರಲ್ಲಿ ಅಮೆರಿಕದಲ್ಲಿ 2 ಕೋಟಿ 56 ಲಕ್ಷ ಹಾಲಿನ ಹಸುಗಳಿದ್ದು ಸುಮಾರು 5,300 ಕೋಟಿ ಕಿಲೊ ಹಾಲು ಬರುತ್ತಿತ್ತು. 2007ರಲ್ಲಿ 92 ಲಕ್ಷ ಹಸುಗಳಿಂದ ಸುಮಾರು 8,400 ಕೋಟಿ ಕಿಲೊ. ಮೇವು, ಯಂತ್ರ, ಔಷಧಿಗಳ ಪಾಲೂ ಇದರಲ್ಲಿದೆ, ಆದರೆ ದೊಡ್ಡ ಪಾಲು ಹೋರಿಯ ಆಯ್ಕೆಯದು.

ಅವರು ತೆತ್ತ ಬೆಲೆಯನ್ನೂ ಹೇಳಲೇಬೇಕು. 1962ರಲ್ಲಿ ಹುಟ್ಟಿದ ಪಾನಿ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಒಂದು ಹೋರಿಗೆ 16,000 ಹೆಣ್ಣುಮಕ್ಕಳು, 5 ಲಕ್ಷ ಮೊಮ್ಮಕ್ಕಳು. ಅದರ ಹಾಲಿನ ಗುಣ ಅಷ್ಟು ದೊಡ್ಡದಿತ್ತು. ಅದರ ಮೈಯಲ್ಲಿ ಒಂದು ಜೀನ್ ಕೆಟ್ಟಿತ್ತು ಎನ್ನುವುದು ಈ ಶತಮಾನದಲ್ಲಿ ಗೊತ್ತಾಯಿತು. ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಅದೇ ಜೀನ್ ಬಂದರೆ ಕರು ಹೊಟ್ಟೆಯಲ್ಲೇ ಸಾಯುತ್ತದೆ. ಲೋಕದಾದ್ಯಂತ 5 ಲಕ್ಷಕ್ಕೂ ಹೆಚ್ಚು ಗಬ್ಬ ಹಾಗೆ ಹೋದವು ಎಂದು ಅಂದಾಜು. ಹಾಲನ್ನೇ ನೋಡುತ್ತಾ ಹೋರಿ ಆರಿಸಿದ್ದರಿಂದ ಗಬ್ಬ ನಿಲ್ಲುವ ಗುಣವೂ ಕುಸಿಯಿತು. ನ್ಯೂಯಾರ್ಕ್ ಸೀಮೆಯಲ್ಲಿ 1950ರ ಹೊತ್ತಿಗೆ ಮೊದಲ ಸಲಕ್ಕೇ ಮೂರರಲ್ಲಿ ಎರಡು ಹಸು ಗಬ್ಬ ನಿಲ್ಲುತ್ತಿದ್ದವು, 1990ರ ದಶಕದ ಕೊನೆಗೆ ಐದರಲ್ಲಿ ಎರಡು. ಈ ತಪ್ಪನ್ನು ಅವರು ಕಂಡುಹಿಡಿದದ್ದೂ ಅದೇ ಪುಸ್ತಕಗಳಿಂದ. ಬರೆದಿಟ್ಟಿದ್ದರು, ಹಾಗಾಗಿ ಎಲ್ಲಿ ಎಡವಿದೆವು ಎಂದು ಹಿಂತಿರುಗಿ ನೋಡಲು ಸಾಧ್ಯವಾಯಿತು. ಗಬ್ಬ ನಿಲ್ಲುವ ಗುಣವನ್ನೂ ಲೆಕ್ಕಕ್ಕೆ ಸೇರಿಸಿ ಆ ಕುಸಿತವನ್ನು ತಡೆದರು.

ಈಗ ನಮ್ಮ ಕಡೆಗೆ ಬರುತ್ತೇನೆ. ನಮಗೆ ಅಡಿಪಾಯ ಇರಲಿಲ್ಲ ಎಂದಲ್ಲ. ದೇಶದ ಡೈರಿ ಸಂಶೋಧನಾ ಸಂಸ್ಥೆ 1923ರಲ್ಲಿ ಹುಟ್ಟಿದ್ದೇ ಬೆಂಗಳೂರಿನಲ್ಲಿ. 1927ರಲ್ಲಿ ಗಾಂಧೀಜಿ ಬೆಂಗಳೂರಿನಲ್ಲಿ ವಿಶ್ರಾಂತಿಯಲ್ಲಿದ್ದಾಗ ಮದನ ಮೋಹನ ಮಾಳವೀಯರೊಂದಿಗೆ ಅಲ್ಲಿಗೆ ಬಂದು ಗೋಪಾಲನೆಯ ಪಾಠ ಕೇಳಿದರು. ಅಮುಲ್ ಕಟ್ಟಿದ ಕುರಿಯನ್ ಅವರು ಅಮೆರಿಕದ ಮಿಷಿಗನ್‌ಗೆ ಹೋಗುವ ಮೊದಲು ತರಬೇತಿ ಪಡೆದದ್ದೂ ಅಲ್ಲೇ. 1955ರಲ್ಲಿ ಮುಖ್ಯ ಸಂಸ್ಥೆ ಈಗಿನ ಹರಿಯಾಣದ ಕರ್ನಾಲಿಗೆ ಹೋಯಿತು, ಆಡುಗೋಡಿಯಲ್ಲಿ ದಕ್ಷಿಣದ ಶಾಖೆ ಉಳಿಯಿತು. 1942ರಲ್ಲಿ ಇಜ್ಜತ್‌ನಗರದ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಡಾ. ಪಿ. ಭಟ್ಟಾಚಾರ್ಯ ಅವರು ಕೃತಕ ಗರ್ಭಧಾರಣೆಯ ಅಧ್ಯಯನ ಶುರುಮಾಡಿದರು, ಅದರ ಪ್ರಾದೇಶಿಕ ಕೇಂದ್ರಗಳಲ್ಲಿ ಒಂದು ಬೆಂಗಳೂರಿಗೆ ಬಂತು. ಮರುವರ್ಷ ಅಲಹಾಬಾದ್ ಕೃಷಿ ಸಂಸ್ಥೆಯಲ್ಲಿ ಈ ವಿಧಾನದಿಂದ ಮೊದಲ ಎಮ್ಮೆಗರು ಹುಟ್ಟಿತು. ಹೆಬ್ಬಾಳದ ಕೃಷಿ ಕಾಲೇಜು 1946ರಲ್ಲಿ, ಪಶುವೈದ್ಯಕೀಯ ಕಾಲೇಜು 1958ರಲ್ಲಿ ಶುರುವಾದವು. ಅಮೆರಿಕದ ಟೆನ್ನೆಸ್ಸೀ ವಿಶ್ವವಿದ್ಯಾಲಯದವರು ಬಂದು ದಕ್ಷಿಣದ ಕಾಲೇಜುಗಳಿಗೆ ಹೆಗಲು ಕೊಟ್ಟರು. ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನಿಂದ ಘನೀಕೃತ ವೀರ್ಯದ ಕೇಂದ್ರ ಬಂತು. 1974ರಲ್ಲಿ ಡೈರಿ ಅಭಿವೃದ್ಧಿ ನಿಗಮ, 1984ರಲ್ಲಿ ಹಾಲು ಮಹಾಮಂಡಳಿ. ಈಗ ಬೈಕಿನ ಹಿಂದೆ ಸಾರಜನಕದ ಕ್ಯಾನ್ ಕಟ್ಟಿಕೊಂಡ ಹುಡುಗ ಹೋಗದ ಊರಿಲ್ಲ. ಮೊದಲನೆಯ ಭಾಗ ಪೂರ್ತಿಯಾಗಿ ನಮ್ಮದಾಯಿತು.

ಅದರಿಂದ ಆದ ಒಳ್ಳೆಯದನ್ನು ಕಡಿಮೆ ಮಾಡಿ ಹೇಳುವ ಮನಸ್ಸು ನನಗಿಲ್ಲ. ನನ್ನ ಕಾಲೇಜಿನ ಫೀಸು ಬಂದದ್ದು ಡೈರಿಯ ಬಟವಾಡೆಯಿಂದ. ಬೋರ್‌ವೆಲ್ ಬತ್ತಿದ ವರ್ಷಗಳಲ್ಲಿ ಕೋಲಾರದ ಮನೆಗಳನ್ನು ಉಳಿಸಿದ್ದು ಮಿಶ್ರತಳಿ ಹಸು. ದೇಸಿ ತಳಿಯ ಮೇಲಿನ ಪ್ರೀತಿಯಿಂದ ಈ ಹಸುವನ್ನು ಬಯ್ಯುವ ಲೇಖನಗಳನ್ನು ಓದಿದಾಗ, ಅವರು ಯಾವತ್ತಾದರೂ ಬರೀ ಹಾಲು ಮಾರಿ ತಿಂಗಳು ದೂಡಿದ್ದಾರೆಯೇ ಎಂದು ಕೇಳಬೇಕೆನ್ನಿಸುತ್ತದೆ.

ಬಾರದೆ ಉಳಿದದ್ದು ಎರಡನೆಯ ಭಾಗ, ಅಳೆದು ಬರೆದಿಟ್ಟು ಹೋರಿ ಆರಿಸುವ ವಿದ್ಯೆ. ಮನೆಮುಂದೆ ನಿಂತ ಹಸುವಿನ ತಂದೆ ಯಾರು? ನಮ್ಮೂರಲ್ಲಿ ಕೇಳಿದರೆ "ಎಚ್ಚೆಫ್ಫು" ಎನ್ನುತ್ತಾರೆ, ಅದು ಹೋಲ್‌ಸ್ಟೀನ್ ಫ್ರೀಜಿಯನ್ ಎಂಬ ತಳಿಯ ಹೆಸರು. ಅದರ ಮೈಯಲ್ಲಿ ಸೀಮೆ ರಕ್ತ ಅರ್ಧವೋ, ಮುಕ್ಕಾಲೋ, ಅದಕ್ಕೂ ಹೆಚ್ಚೋ ಯಾರಿಗೂ ಗೊತ್ತಿಲ್ಲ. ಅರ್ಧದ ಸುತ್ತಮುತ್ತ ಇರಲಿ ಎಂಬುದು ತಜ್ಞರ ಸಲಹೆ, ಏಕೆಂದರೆ ಅದಕ್ಕಿಂತ ಮೇಲೆ ಹೋದಷ್ಟೂ ನಮ್ಮ ಬಿಸಿಲು, ಉಣ್ಣಿ ಹುಳುವಿನ ಕಾಟ, ಒಣಮೇವು ತಡೆಯುವ ಶಕ್ತಿ ಇಳಿಯುತ್ತದೆ. ಆದರೆ ತಂದೆ ತಾತನ ನಂಬರು ಇಲ್ಲದ ಕಡೆ ಈ ಸಲಹೆಯನ್ನು ಪಾಲಿಸುವುದು ಹೇಗೆ? ಪ್ರತಿ ಕಡ್ಡಿಯ ಮೇಲೂ ಹೋರಿಯ ನಂಬರು ಅಚ್ಚಾಗಿರುತ್ತದೆ. ಕೆಲಸ ಮುಗಿದ ಮೇಲೆ ಆ ಕಡ್ಡಿ ತಿಪ್ಪೆ ಸೇರುತ್ತದೆ.

ಟ್ರಿಂಬರ್ಗರ್ ನಿಯಮಕ್ಕೂ ಇದೇ ಆಗಿದೆ, ನಿಯಮ ಬಂತು, ಬರೆದಿಡುವ ಕೆಲಸ ಬರಲಿಲ್ಲ. ಅದು ನೆಬ್ರಾಸ್ಕಾದ ಹಸುಗಳ ಬೆದೆಯಿಂದ ಬಂದದ್ದು, ಆ ಬೆದೆ ಸುಮಾರು ಹದಿನೆಂಟು ಗಂಟೆಯದು. ಡುಬ್ಬವಿರುವ ನಮ್ಮ ನಾಟಿ ಹಸುಗಳ ಬೆದೆ ಅದಕ್ಕಿಂತ ಚಿಕ್ಕದು, ಎಷ್ಟೋ ಸಲ ರಾತ್ರಿಯಲ್ಲೇ ಬಂದು ಹೋಗಿಬಿಡುತ್ತದೆ. ಎಮ್ಮೆಯದಂತೂ ಮೂಕ ಬೆದೆ, ಲಕ್ಷಣ ಹೊರಗೆ ಕಾಣುವುದೇ ಕಡಿಮೆ. "ರಾತ್ರಿ ಲೋಳೆ ಸುರಿದದೆ ಕಣಪ್ಪ, ಈಗ್ಲೇ ಬನ್ನಿ ಅಂತ ಡಾಕ್ಟ್ರಿಗೆ ಫೋನ್ ಮಾಡು," ಎಂದು ನಮ್ಮಮ್ಮ ನಸುಕಿನಲ್ಲೇ ಎಬ್ಬಿಸುತ್ತಿದ್ದರು. ನಿಯಮ ಸಂಜೆ ಎನ್ನುತ್ತಿತ್ತು. ಅವರು ಆ ಹಸುವನ್ನೇ ನಂಬುತ್ತಿದ್ದರು, ಅದರ ಹಿಂದಿನ ಬೆದೆಗಳು ಅವರಿಗೆ ನೆನಪಿದ್ದವು. ಟ್ರಿಂಬರ್ಗರ್ ಕಾಲೇಜಿನಲ್ಲಿ ಮಾಡಿದ್ದೂ ಇದನ್ನೇ, ಬರೆದುಕೊಂಡು. ನಮ್ಮ ಹೆಣ್ಣುಮಕ್ಕಳು ಕೊಟ್ಟಿಗೆಯಲ್ಲಿ ನೋಡಿ ತಿಳಿದುಕೊಂಡ ಎಷ್ಟೋ ಸಂಗತಿ ಯಾವ ಪುಸ್ತಕಕ್ಕೂ ಏರದೆ ಅವರ ಜೊತೆಗೇ ಹೋಗುತ್ತಿದೆ.

ವಿಚಿತ್ರವೆಂದರೆ, ಹಾಲು ಅಳೆಯುವ ವಿಷಯದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಕರ್ನಾಟಕದ ಸಾವಿರಾರು ಡೈರಿಗಳಲ್ಲಿ ದಿನಕ್ಕೆರಡು ಹೊತ್ತು, ಮನೆಮನೆಯ ಹಾಲನ್ನು ತೂಗಿ, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ನೋಡಿ, ಚೀಟಿ ಕೊಡುತ್ತಾರೆ. ವೇಯನ್ನಿನ ರೈತರು ಕನಸಿನಲ್ಲೂ ಕಾಣದಷ್ಟು ಅಂಕಿ ನಮ್ಮ ಕಂಪ್ಯೂಟರುಗಳಲ್ಲಿ ದಿನಾ ಬೀಳುತ್ತಿದೆ. ಆದರೆ ಆ ಅಂಕಿ ಮನೆಯದು, ಹಸುವಿನದಲ್ಲ. ಮೂರು ಹಸುವಿನ ಹಾಲು ಒಂದೇ ಕ್ಯಾನಿಗೆ ಬಿದ್ದ ಮೇಲೆ ಯಾವುದರದು ಎಷ್ಟು ಎಂದು ತಿಳಿಯುವುದಿಲ್ಲ. ಹಣ ಕೊಡುವುದಕ್ಕೆ ಅಷ್ಟು ಸಾಕು, ಹೋರಿ ಆರಿಸುವುದಕ್ಕೆ ಸಾಲದು.

ಎರಡು ಹಸುವಿನ ಕೊಟ್ಟಿಗೆಯಲ್ಲಿ ಹೆಂಡರ್ಸನ್ ಲೆಕ್ಕ ನಡೆಯುವುದಿಲ್ಲ ಎಂದು ಹೇಳುವವರಿದ್ದಾರೆ. ಹೋಲಿಸಲು ಪಕ್ಕದಲ್ಲಿ ಹಸುಗಳೇ ಇಲ್ಲವಲ್ಲ ಎನ್ನುತ್ತಾರೆ. ಅದಕ್ಕೆ ಉತ್ತರ ಪಕ್ಕದ ಕೇರಳದಲ್ಲೇ ಇದೆ. ಮಾಟ್ಟುಪೆಟ್ಟಿಯಲ್ಲಿ 1963ರಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದ ಶುರುವಾದ ಕೆಲಸ 1970ರ ದಶಕದಲ್ಲಿ ಹಳ್ಳಿಗಳಿಗೆ ಇಳಿಯಿತು. ಸಣ್ಣ ರೈತರ ಮನೆಗಳಿಗೇ ಹೋಗಿ, ಸುನಂದಿನಿ ಎಂಬ ಮಿಶ್ರತಳಿಯ ಹೋರಿಗಳ ಹೆಣ್ಣುಮಕ್ಕಳ ಹಾಲನ್ನು ತಿಂಗಳು ತಿಂಗಳೂ ಅಳೆದರು. ಕೊಟ್ಟಿಗೆಯ ಬದಲು ಇಡೀ ಊರನ್ನೇ ಒಂದು ಹಿಂಡು ಎಂದು ಲೆಕ್ಕ ಹಿಡಿದರೆ ಆಯಿತು. ಒಂದೇ ಊರು, ಒಂದೇ ಮಳೆ, ಒಂದೇ ಮೇವು.

ಹಳ್ಳಿಕಾರ್, ಅಮೃತಮಹಲ್ ಬಗ್ಗೆಯೂ ಒಂದು ಮಾತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಟಿಪ್ಪುವಿನ ಅಮೃತಮಹಲ್ ತನಕ ಈ ದನಗಳನ್ನು ಪೀಳಿಗೆ ಪೀಳಿಗೆ ಆರಿಸಿದ್ದು ದಂಡಿನ ಸಾಮಾನು, ತೋಪು ಎಳೆಯುವ ಓಟಕ್ಕೆ. ಆ ಗುಣವನ್ನು ನಮ್ಮ ಹಿರಿಯರು ಎಷ್ಟು ಚೆನ್ನಾಗಿ ಆರಿಸಿದರು ಎನ್ನುವುದಕ್ಕೆ ಆ ದನಗಳೇ ಸಾಕ್ಷಿ. ಹಾಲಿಗಾಗಿ ಅವುಗಳನ್ನು ಯಾರೂ ಆರಿಸಿದವರಲ್ಲ, ಹಾಗಾಗಿ ಹಾಲು ಕಡಿಮೆ ಎಂದು ದೂರುವುದು ನ್ಯಾಯವಲ್ಲ. ಕಡಿಮೆ ಮೇವಿನಲ್ಲಿ, ಸುಡುವ ಬಿಸಿಲಿನಲ್ಲಿ ಬಾಳುವ ಅವುಗಳ ಶಕ್ತಿಯನ್ನು ಅಳೆದು ಬರೆಯಬೇಕು ಎಂಬುದು ನನ್ನ ಆಸೆ. ಮುಂದಿನ ಬೇಸಿಗೆಗಳಿಗೆ ಅದು ಬೇಕಾಗುತ್ತದೆ.

2024ರಲ್ಲಿ ಕೇಂದ್ರ ಸರ್ಕಾರ ಗೌ ಚಿಪ್ ಎಂಬುದನ್ನು ತಂದಿದೆ. ಕರುವಿನ ರಕ್ತದಿಂದಲೋ ಕೂದಲಿನಿಂದಲೋ ಡಿಎನ್‌ಎ ತೆಗೆದು, ಅದು ದೊಡ್ಡದಾದ ಮೇಲೆ ಎಷ್ಟು ಹಾಲು ಕೊಟ್ಟೀತು, ಹೋರಿಯಾದರೆ ಎಂಥ ಮಕ್ಕಳನ್ನು ಕೊಟ್ಟೀತು ಎಂದು ಮೊದಲೇ ಹೇಳುವ ಉಪಾಯ. ಒಳ್ಳೆಯದೇ. ಆದರೆ ಯಾವ ಡಿಎನ್‌ಎಗೆ ಎಷ್ಟು ಹಾಲು ಎಂದು ಆ ಚಿಪ್ಪಿಗೆ ಮೊದಲು ಕಲಿಸಬೇಕಾದದ್ದು ನಿಜವಾದ ಕೊಟ್ಟಿಗೆಗಳಲ್ಲಿ, ಹಸುವಿನಿಂದ ಹಸುವಿಗೆ ಅಳೆದು ಬರೆದ ಹಾಲು. ಕಿವಿಯ ಓಲೆಯಲ್ಲಿ ಹನ್ನೆರಡು ಅಂಕಿಯ ನಂಬರು ಈಗಾಗಲೇ ಬಂದಿದೆ. ಡೈರಿಯಲ್ಲಿ ತಕ್ಕಡಿ ಇದೆ, ಟೆಸ್ಟರ್ ಇದ್ದಾರೆ, ಕಂಪ್ಯೂಟರ್ ಇದೆ.

ನಮ್ಮ ಸಂಘದ ಸರ್ವಸದಸ್ಯರ ಸಭೆಗೆ ಒಂದು ಅರ್ಜಿ ಬರೆದಿದ್ದೇನೆ. ತಿಂಗಳಿಗೊಂದು ದಿನ ಮನೆಮನೆಗೆ ಹೋಗಿ ಪ್ರತಿ ಹಸುವಿನ ಎರಡು ಹೊತ್ತಿನ ಹಾಲನ್ನು ಬೇರೆಯಾಗಿ ಅಳೆದು, ಕಿವಿಯ ನಂಬರಿನ ಎದುರು ಬರೆಯಲು ಊರಿನದೇ ಒಬ್ಬ ಹೆಣ್ಣುಮಗಳನ್ನು ನೇಮಿಸಬೇಕು, ಇಂಜೆಕ್ಷನ್ ಹಾಕಿದ ದಿನ ಕಡ್ಡಿಯ ನಂಬರನ್ನು ಅದೇ ಪುಸ್ತಕಕ್ಕೆ ಏರಿಸಬೇಕು, ಆಕೆಯ ಸಂಬಳವನ್ನು ಸಂಘದ ಲಾಭದಿಂದ ಕೊಡಬೇಕು ಎಂದು ಕೇಳಿದ್ದೇನೆ. ಸಹಿ ಹಾಕಿದವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಬೇರೆ ಊರಿನ ಸಂಘದವರು ಯಾರಾದರೂ ಇದನ್ನು ಮಾಡಿ ನೋಡಿದ್ದರೆ, ಮನೆಗಳ ಸುತ್ತು ಹೇಗೆ ಹಾಕಿದಿರಿ, ಪುಸ್ತಕದಲ್ಲಿ ಯಾವ ಯಾವ ಕಾಲಂ ಇಟ್ಟಿರಿ ಎಂದು ನನಗೆ ಬರೆಯಿರಿ.